ಕೇಳದೆ ಒತ್ತಿದ ‘ಹೌದು’

ಎಸ್ಸೆಸ್ಸೆಲ್ಸಿ ಓದಿದವನು ನಾನು. ಶಿಡ್ಲಘಟ್ಟದ ಹತ್ತಿರ ಒಂದು ಖಾಸಗಿ ಚಾಕಿ ಕೇಂದ್ರದಲ್ಲಿ ಗುಮಾಸ್ತನಾಗಿದ್ದೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಅಲ್ಲಿ ಎಂಟು ಹತ್ತು ದಿನ ಸಾಕಿ, ಆಮೇಲೆ ರೈತರಿಗೆ ಸರದಿಯ ಪ್ರಕಾರ ಕೊಡುತ್ತಿದ್ದರು. ರೈತರು ತಮ್ಮ ಸರದಿಗೆ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬರುವಂತೆ ಲೆಕ್ಕ ಹಾಕಿ ತೋಟ ಸವರುತ್ತಿದ್ದರು. ಸರದಿ ತಪ್ಪಿದರೆ ಸೊಪ್ಪು ಗಿಡದಲ್ಲೇ ಬಲಿತು ಕೆಡುತ್ತದೆ. ಆ ಸರದಿಯ ಪಟ್ಟಿ ಕಂಪ್ಯೂಟರಿನಲ್ಲಿತ್ತು, ನನ್ನ ಸುಪರ್ದಿಯಲ್ಲಿ.

ಒಂದು ವರ್ಷ ಮಾಲೀಕರು ಆ ಪಟ್ಟಿಯ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಬೇಕೆಂದರು. ಏರಿಸುವ ಮೊದಲು ಓಡಿಸಬೇಕಾದ ಒಂದು ಸಾಫ್ಟ್‌ವೇರನ್ನು ಬೆಂಗಳೂರಿನ ಕಂಪನಿಯೊಂದು ಕಳಿಸಿತು. ಅದು ತಾನೇ ಎಲ್ಲವನ್ನೂ ತಪಾಸಣೆ ಮಾಡಿ, ಹಳೆಯದರ ನಕಲೊಂದನ್ನು ಏಳು ದಿನ ಇಟ್ಟುಕೊಳ್ಳುತ್ತದೆ. ಸಂಶಯ ಬಂದ ಕಡೆ ಕೆಂಪು ತೋರಿಸುತ್ತದೆ. ಒಂದೇ ಮನೆ ನಂಬರು, ಒಂದೇ ಫೋನ್ ನಂಬರು ಇದ್ದ ಮೂವತ್ತೆಂಟು ಜೋಡಿ ಹೆಸರುಗಳು ಕೆಂಪಾದವು. ಪ್ರತಿ ಜೋಡಿಯ ಕೆಳಗೂ ಒಂದು ಪ್ರಶ್ನೆ: ಎರಡೂ ಒಂದೇ ಖಾತೆಯೆಂದು ಇಬ್ಬರನ್ನೂ ವಿಚಾರಿಸಿದ್ದೀರಾ? ‘ಹೌದು’ ಎಂದರೆ ಎರಡನ್ನೂ ಸೇರಿಸಿ ಒಂದೇ ಹೆಸರು ಉಳಿಸುತ್ತದೆ.

ನಮ್ಮ ಕಡೆ ಒಂದೇ ಬಾಗಿಲೊಳಗೆ ಎರಡು ಒಲೆ ಉರಿಯುವುದು ಸಾಮಾನ್ಯ. ಗಂಡ ಸತ್ತರೆ ಅವನ ಫೋನ್ ಮೈದುನನ ಜೇಬಿಗೆ ಹೋಗುತ್ತದೆ. ಇದು ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಒಂಬತ್ತು ಮನೆಗಳಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಹುಳು ಸಾಕುವ ಕೋಣೆಯ ಮೇಸ್ತ್ರಿ ಬಾಗಿಲಲ್ಲಿ ನಿಂತು ನಕ್ಕ. “ಏನಣ್ಣಾ, ಇನ್ನೂ ಹಸಿರಾಗ್ಲಿಲ್ವಾ? ಹಳೇ ರಿಜಿಸ್ಟರೇ ತಂದ್ಕೊಡ್ಲಾ?”

ಆ ವಯಸ್ಸಿನಲ್ಲಿ, ‘ಮುದುಕನ ಕೈಲಿ ಆಗಲಿಲ್ಲ’ ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಉಳಿದವಕ್ಕೆಲ್ಲ ‘ಹೌದು’ ಒತ್ತಿದೆ. ಎರಡೆರಡು ಹೆಸರು ಒಂದೊಂದಾದವು. ಪರದೆ ಹಸಿರಾಯಿತು. ಮೇಸ್ತ್ರಿಗೆ ನಾನೇ ಟೀ ಕುಡಿಸಿದೆ.

ಐದನೇ ದಿನ ಮಂಡಿಕಲ್ ಕಡೆಯ ಒಬ್ಬ ಹೆಂಗಸು ಬಂದಳು, ಗಂಡ ಸತ್ತು ಎರಡು ವರ್ಷವಾದವಳು. ಹುಳು ಒಯ್ಯಲು ತಟ್ಟೆ, ಒದ್ದೆ ಬಟ್ಟೆ ತಂದಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಮೈದುನನದಿತ್ತು. ಅವಳ ಪಾಲನ್ನೂ ಅವನು ಹಿಂದಿನ ದಿನವೇ ಒಯ್ದಿದ್ದ.

“ಮನೇಲೇ ಕೂತು ಮಾತಾಡ್ಕೊಳ್ಳಿಮ್ಮ,” ಎಂದೆ.

“ಮನೇಲಿ ಮಾತಿದ್ದಿದ್ರೆ ಬೇರೆ ಒಲೆ ಯಾಕೆ ಹೂಡ್ತಿದ್ದೆ ಸಾರ್? ನನ್ ಸೊಪ್ಪು ನಿಂತೈತೆ. ಸರಿಯಾಗಿ ನೋಡಿ.”

ಹಳೆಯ ನಕಲು ಇನ್ನೂ ಎರಡು ದಿನ ಇರುತ್ತಿತ್ತು. ತೆಗೆದರೆ ಅವಳ ಹೆಸರು ಸಿಗುತ್ತಿತ್ತು, ನನ್ನ ಸುಳ್ಳೂ ಮಾಲೀಕರಿಗೆ ಕಾಣುತ್ತಿತ್ತು.

“ನೀನೇ ಬರೆಸಿಲ್ಲ ಕಣಮ್ಮ. ಕಂಪ್ಯೂಟರಿನಲ್ಲಿ ಇಲ್ಲ,” ಎಂದೆ.

ಅವಳು ಪರದೆಯನ್ನಲ್ಲ, ನನ್ನನ್ನು ನೋಡಿದಳು. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಹೋದಳು. ಏಳನೇ ದಿನ ಆ ನಕಲು ತಾನಾಗಿ ಅಳಿಸಿಹೋಯಿತು. ಮುಂದಿನ ಸರದಿಗಳೂ ಮೈದುನನ ಹೆಸರಿಗೇ ಹೋದವು. ವರ್ಷದೊಳಗೆ, ಹುಳುವಿಲ್ಲದೆ ನಿಂತ ಅವಳ ತೋಟವೂ ಅವನ ಕೈಸೇರಿತೆಂದು ಕೇಳಿದೆ.

ಹೋದ ತಿಂಗಳು ಅವಳನ್ನು ಹುಡುಕಿಕೊಂಡು ಹೋದೆ. ಶಿಡ್ಲಘಟ್ಟದ ಒಂದು ನೂಲು ಬಿಚ್ಚಾಣಿಕೆ ಮನೆಯಲ್ಲಿ, ಬಿಸಿನೀರಲ್ಲಿ ಬೇಯುವ ಗೂಡುಗಳಿಂದ ಎಳೆ ತೆಗೆಯುತ್ತಿದ್ದಳು. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಿಂತುಕೊಂಡೇ ಎಲ್ಲ ಹೇಳಿದೆ.

“ಈಗ ಸರಿ ಮಾಡಕ್ಕಾಯ್ತದಾ?” ಎಂದಳು.

“ಇಲ್ಲಮ್ಮ.”

“ಮತ್ತೆ ಇದನ್ನ ನನಗ್ಯಾಕೆ ತಂದ್ರಿ? ಇಷ್ಟು ದಿನ ನಾನೇ ಎಲ್ಲೋ ಬರೆಸೋದು ಮರೆತೆ ಅಂದ್ಕೊಂಡಿದ್ದೆ.”

ಕೈಯನ್ನು ಮತ್ತೆ ನೀರಿಗಿಳಿಸಿದಳು.