ಕಂಡದ್ದನ್ನು ಹೇಳಿಸುತ್ತಿದ್ದ ಶಿವಲೀಲಕ್ಕ

ಶಿರಸಿಯ ಬಿಡ್ಕಿಬೈಲಿನ ಹತ್ತಿರ ನಲವತ್ತು ದಾಟಿದ ಹೆಂಗಸೊಬ್ಬಳು ಹೆಲ್ಮೆಟ್ ಹಾಕಿಕೊಂಡು, ಸ್ಕೂಟರಿನ ಮೇಲೆ ನೆಟ್ಟಗೆ ಕೂತು, "ಎಡಕ್ಕೆ ಆಕಳು, ಮುಖ ರಸ್ತೆ ಕಡೆ! ಮುಂದೆ ಆಟೋ, ಕೆಂಪು ದೀಪ ಹತ್ತಿತು! ಬಲಕ್ಕೆ ಹುಡುಗಿ, ಫೋನ್ ನೋಡ್ತಾ ಇದ್ದಾಳೆ, ದಾಟಿದರೂ ದಾಟಿಯಾಳು!" ಎಂದು ಕೂಗುತ್ತ ಹೋಗುವುದನ್ನು ನೀವು ಎಂದಾದರೂ ಕಂಡಿದ್ದರೆ, ಅವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅವಳು ಶಿವಲೀಲಕ್ಕನ ಶಿಷ್ಯೆ. ನಾನೂ ಒಂದು ಬೇಸಿಗೆ ಪೂರ್ತಿ ಹಾಗೆ ಕೂಗುತ್ತ ತಿರುಗಿದವಳೇ. ಆ ಬೇಸಿಗೆಯನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ, ನಗುವೂ ಬರುತ್ತದೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೆಲಸಕ್ಕೆ ಸೇರಿದಾಗಿನಿಂದ ಶಿರಸಿ ಪೇಟೆಯೊಳಗೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಿದ್ದೆ. ಆ ವರ್ಷ ವರ್ಗಾವಣೆಯಾಗಿ ಉಮ್ಮಚಗಿ ಕಡೆಯ ಶಾಲೆಯೊಂದು ಪಾಲಿಗೆ ಬಂತು. ಅಲ್ಲಿಗೆ ಹೋಗುವ ಬಸ್ಸು ಗಂಟೆ ಹೊಡೆದ ಮೇಲೆ ಮುಟ್ಟುತ್ತದೆ, ತಿರುಗಿ ಬರುವ ಬಸ್ಸು ಶಾಲೆ ಬಿಡುವ ಮೊದಲೇ ಹೊರಡುತ್ತದೆ. ಅಲ್ಲೇ ಕೋಣೆ ಹಿಡಿದು ಉಳಿಯೋಣವೆಂದರೆ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ನಮ್ಮನೆಯವರಿಗೆ ಪಂಪ್ ರಿಪೇರಿಯ ಅಂಗಡಿ. ದಿನಾ ಬಿಟ್ಟು ಕರೆತರುವುದು ಆಗುವ ಮಾತಲ್ಲ. ಇನ್ನುಳಿದದ್ದು ಎರಡೇ ದಾರಿ: ಬೇಸಿಗೆ ರಜೆ ಮುಗಿಯುವುದರೊಳಗೆ ನಾನು ಸ್ಕೂಟರ್ ಕಲಿತು ಲೈಸನ್ಸ್ ಪಡೆಯಬೇಕು, ಇಲ್ಲವೇ ಸ್ವಯಂ ನಿವೃತ್ತಿಗೆ ಅರ್ಜಿ ಬರೆಯಬೇಕು. ಮಕ್ಕಳಿಗೆ ಪಾಠ ಹೇಳುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ, ಸೈಕಲ್ಲೂ ಹತ್ತದವಳು ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದೆ.

ಅಲ್ಲಿ ಹೆಂಗಸರಿಗೆ ಕಲಿಸುವವರೇ ಶಿವಲೀಲಕ್ಕ. ಬನವಾಸಿ ಕಡೆಯವರು. ಗಂಡನ ಕಾಳುಕಡಿ ಅಂಗಡಿಗೆಂದು ಮೊಪೆಡ್ಡಿನ ಮೇಲೆ ಚೀಲ ಹೇರಿಕೊಂಡು ಓಡಾಡಿ ರಸ್ತೆ ಕಲಿತವರು. ಗಿಡ್ಡ ಆಳು, ತುಂಬು ತೋಳು, ಇಳಕಲ್ ಸೀರೆಯ ಮೇಲೆ ಮಿಂಚುವ ಪಟ್ಟಿಯ ಹಸಿರು ಜಾಕೀಟು. ಹೆಲ್ಮೆಟ್ ತೆಗೆದಾಗ ಹಣೆಯ ವಿಭೂತಿ ಒಂಚೂರೂ ಅಳಿಸಿರುತ್ತಿರಲಿಲ್ಲ. ಅದು ಹೇಗೆಂಬುದು ನಮಗ್ಯಾರಿಗೂ ಬಗೆಹರಿಯಲಿಲ್ಲ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಸೆರಗನ್ನು ತಾವೇ ಎಳೆದು ಸೊಂಟಕ್ಕೆ ಸುತ್ತಿ ಸಿಗಿಸಿದರು.

"ಸೆರಗು ಗಾಲಿಗೆ ಹ್ವಾದ್ರ ಗಾಲಿ ನಿಮ್ಮನ್ನ ಕೇಳಾಂಗಿಲ್ರಿ, ಬಾಯಾರ. ಎಳಕೊಂಡ ಹೋಗ್ತೈತಿ."

ಅವರ ಕಡೆ ಟೀಚರಮ್ಮನಿಗೆ ಬಾಯಾರ ಎನ್ನುತ್ತಾರೆ. ಹಾಗೆ ಕರೆಯುತ್ತಲೇ ಮೊದಲ ವಾರ ನನ್ನಿಂದ ಸ್ಕೂಟರ್ ಮುಟ್ಟಿಸಲಿಲ್ಲ. ಒಂದು ಹೆಲ್ಮೆಟ್ ಕೊಟ್ಟು, "ಇದನ್ನ ಮನ್ಯಾಗ ಹಾಕ್ಕೊಂಡ ತಿರಗ್ಯಾಡ್ರಿ. ಗದ್ದದ ಪಟ್ಟಿ ಕಟ್ಟಿ. ಪಟ್ಟಿ ಕಟ್ಟದ ಹೆಲ್ಮೆಟ್ ಅಂದ್ರ ಬೀಗ ಹಾಕದ ಬಾಗಿಲಾ. ಬಿದ್ದಾಗ ಮೊದಲ ಅದ ಹಾರ್ತೈತಿ, ಆಮ್ಯಾಲೆ ತಲಿ" ಎಂದರು. ನಾನು ವಿಧೇಯ ವಿದ್ಯಾರ್ಥಿನಿ. ಅದನ್ನೇ ಹಾಕಿಕೊಂಡು ಸಾರು ಕುದಿಸುತ್ತ ನಿಂತಿದ್ದಾಗ ನಮ್ಮನೆಯವರು ಅಂಗಡಿಯಿಂದ ಬಂದರು.

"ಎಂತದೇ ಇದು? ಒಗ್ಗರಣೆ ಸಿಡಿತು ಹೇಳಿ ಹಾಕ್ಯಂಡಿದ್ಯ?"

ಎದುರು ಕೋಣೆಯ ಹಾಸಿಗೆಯಿಂದ ನನ್ನ ತಲೆ ಕಂಡ ಅತ್ತೆಯ ದನಿ: "ಒಳಗೆ ಯಾರೇ ಅದು, ಪೊಲೀಸಾ?"

ಮರುದಿನ ನಮ್ಮನೆಯವರು ನನ್ನನ್ನು ಕರೆದೊಯ್ಯಲು ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಬಂದಾಗ ಅವರ ತಲೆ ಬರಿದಾಗಿತ್ತು. ಶಿವಲೀಲಕ್ಕ ಬೈಕಿಗೆ ಅಡ್ಡ ನಿಂತುಬಿಟ್ಟರು.

"ರಾಯರ, ಹೆಲ್ಮೆಟ್ ಎಲ್ಲೈತ್ರಿ?"

"ಇಲ್ಲೇ ಹತ್ರ ಅಲ್ವಾ, ಬಜಾರಕ್ಕೆ..."

"ಹತ್ರ ಅಂದ್ರ ನೆಲ ಮೆತ್ತಗ ಇರ್ತೈತೇನ್ರಿ?"

ನಮ್ಮನೆಯವರು ಮಾತಿಗೆ ಸೋಲುವವರಲ್ಲ. ಅವತ್ತು ಸೋತು, ಬೈಕ್ ಅಲ್ಲೇ ಬಿಟ್ಟು, ನನ್ನ ಜೊತೆ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ, "ಬಾಯಿ ಜೋರು ಮಾರಾಯ್ತಿ ಅದು" ಎಂದು ಗೊಣಗಿದರು. ಆದರೆ ಮಾರನೆಯ ದಿನ ಹೆಲ್ಮೆಟ್ಟಿನ ಧೂಳು ಒರೆಸಿದವರು ಅವರೇ.

ಎರಡನೆಯ ವಾರ ಗಾಡಿ ಕೈಗೆ ಬಂತು. ಮುಂದೆ ಹಿಂದೆ ಎಲ್ ಬೋರ್ಡು. ನಾನು ಮುಂದೆ, ಶಿವಲೀಲಕ್ಕ ಹಿಂದೆ, ಇಬ್ಬರ ತಲೆಗೂ ಹೆಲ್ಮೆಟ್. ಆಗಲೇ ಅವರ ಪದ್ಧತಿ ಶುರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಓಡಿಸಬೇಕು. ಮನಸ್ಸಿನಲ್ಲಿ ಹೇಳಿಕೊಂಡರೆ ನಡೆಯದು. ಹಿಂದೆ ಕೂತವರಿಗೆ ಕೇಳಬೇಕು.

"ಬಾಯಿ ನಿಂತ್ರ ಕಣ್ಣ ನಿಂತಂಗ, ಬಾಯಾರ. ಕಣ್ಣ ನಿಂತ್ರ ಗಾಡೀನೂ ಬದೀಗೆ ಹಚ್ಚಿ ನಿಲ್ಲಿಸಿಬಿಡ್ರಿ."

ಇದನ್ನು ಎಲ್ಲಿ ಕಲಿತಿರೆಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ನಮ್ಮ ಮಾವಾರು ಬನವಾಸಿ ಸಂತಿಗೆ ಚಕ್ಕಡಿ ಹೊಡಿತಿದ್ರು. ದಾರಿ ತುಂಬ ಎತ್ತಿನ ಕೂಡ ಮಾತು. ತಗ್ಗ ಬಂತಪಾ, ಹಳ್ಳ ಬಂತಪಾ, ಎದರಿಗೆ ಲಾರಿ ಬಂತಪಾ ಅಂತ. ಎತ್ತಿಗೆ ಕಣ್ಣ ಇಲ್ಲೇನ್ರಿ ಮಾವಾರ ಅಂದೆ. ಎತ್ತಿಗಲ್ಲವಾ, ನನಗ ನಾನ ಹೇಳ್ಕೋತೀನಿ, ಧ್ಯಾಸ ಬ್ಯಾರೆ ಕಡೆ ಹೋಗಬಾರದಲ್ಲಾ ಅಂದ್ರು. ನಿಮ್ಮ ಸ್ಕೂಟರಿಗಂತೂ ಕಣ್ಣ ಇಲ್ಲ."

ಹೀಗೆ ನಾನು ಹೇಳುತ್ತ ಹೊರಟೆ. ಮೊದಮೊದಲು ನಾಚಿಕೆ, ಅಂಗಡಿಯವರು ತಿರುಗಿ ನೋಡುತ್ತಿದ್ದರು. ನಾಲ್ಕು ದಿನದಲ್ಲಿ ನಾಚಿಕೆ ಹೋಗಿ ಅದೇನೋ ಹುರುಪು ಬಂತು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆಯನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿಬಿಟ್ಟಿತು. ನಿಂತ ಬಸ್ಸಿನ ಮುಂದಿನಿಂದ ಜನ ಹೊರಬೀಳುತ್ತಾರೆ! ನಿಂತ ಕಾರಿನ ಚಾಲಕನ ಕಡೆಯ ಬಾಗಿಲು ತಟ್ಟನೆ ತೆರೆಯುತ್ತದೆ! ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು ಬರುತ್ತದೆ! ಮನೆಗೆ ಬಂದು ಅತ್ತೆಯ ಹಾಸಿಗೆ ಪಕ್ಕ ಕೂತು ಎಲ್ಲ ಹೇಳುತ್ತಿದ್ದೆ. ಅವರೂ ಕಾಯುತ್ತಿದ್ದರು.

ಆದರೆ ನನ್ನ ಹೇಳಿಕೆಯಲ್ಲಿ ಒಂದು ತಪ್ಪಿತ್ತು. ಶಿರಸಿಯಲ್ಲಿ ನನಗೆ ಪರಿಚಯವಿಲ್ಲದವರು ಕಡಿಮೆ. ಹಾಗಾಗಿ ನಾನು "ಎಡಕ್ಕೆ ಕಮಲಕ್ಕ, ಜೊತೆಗೆ ಅವರ ಹೊಸ ಸೊಸೆ, ಹುಲೇಕಲ್ಲಿನವಳು, ಬಲಕ್ಕೆ ನಮ್ಮ ಹಳೆ ಹೆಡ್‌ಮಾಸ್ತರರ ತಮ್ಮ" ಎಂದು ಹೇಳಿಕೊಂಡು ಹೋಗುತ್ತಿದ್ದೆ. ಅದರ ಪರಿಣಾಮ ಕಂಡದ್ದು ಐದು ರಸ್ತೆ ಸರ್ಕಲ್ಲಿನಲ್ಲಿ. ಅಲ್ಲಿ ನಾನು ಅರ್ಧ ಸುತ್ತು ಬಂದಿದ್ದೆ. ಎಡಗಡೆಯ ರಸ್ತೆಯಿಂದ ಸುಬ್ರಾಯ ಮಾವ ತಮ್ಮ ಹಳೆಯ ಸ್ಕೂಟರಿನಲ್ಲಿ ಬಂದರು. ನನ್ನ ಅಪ್ಪನ ಓರಗೆಯವರು. ಹಿರಿಯರನ್ನು ತಡೆದು ಮುಂದೆ ಹೋಗುವುದೆಂದರೇನು? ಗಕ್ಕನೆ ಬ್ರೇಕ್ ಹಿಡಿದು ನಿಂತೆ.

"ನೀವು ಹೋಗಿ ಮಾವ."

ಮಾವನೂ ನಿಂತರು. "ಇಲ್ಲೆ ತಂಗಿ, ನೀ ಹೋಗೇ. ಎಂಗೆ ಎಂತ ಗಡಿಬಿಡಿ ಇಲ್ಲೆ."

"ಇಲ್ಲೆ ಮಾವ, ನೀವೇ ಮೊದಲು..."

ಹಿಂದಿದ್ದ ಆಟೋ ಚಕ್ರ ಉಜ್ಜಿಕೊಂಡು ನಮ್ಮ ಮಡ್‌ಗಾರ್ಡಿಗೆ ಗೇಣು ದೂರದಲ್ಲಿ ನಿಂತಿತು. ಅದರ ಚಾಲಕ ತಲೆ ಹೊರಹಾಕಿ, "ಮೇಡಂ, ಎಲೆ ಹಾಕಿಸ್ಲಾ? ಇಲ್ಲೇ ಪಂಕ್ತಿ ಕೂರ್ತೀರಾ?" ಎಂದ. ಶಿವಲೀಲಕ್ಕ ರಸ್ತೆ ಬದಿಗೆ ಗಾಡಿ ಹಾಕಿಸಿ ಕೆಳಗಿಳಿದ ಮೇಲೆ ಶುರುಮಾಡಿದರು.

"ರಸ್ತಾದಾಗ ಮಾವ ಇಲ್ಲ, ಅಳಿಯ ಇಲ್ಲ, ಬೀಗರಂತೂ ಮೊದಲ ಇಲ್ಲ. ಸರ್ಕಲ್‌ದಾಗ ಬಲಕ್ಕಿಂದ ಬರಾವ್ರಿಗೆ ಮೊದಲ ದಾರಿ. ಅಂವ ಕಳ್ಳ ಇರ್ಲಿ, ಸ್ವಾಮೇರು ಇರ್ಲಿ. ಮಾವಾರಿಗೆ ನೀವು ಬಲಕ್ಕ ಇದ್ರಿ. ಅವರ ನಿಲ್ಲಬೇಕಿತ್ತು, ನೀವು ಹೋಗಬೇಕಿತ್ತು. ನಿಮ್ಮ ಮರ್ಯಾದಿ ಹಿಂದಿನ ಆಟೋದಾಂವಗ ಹ್ಯಾಂಗ ಗೊತ್ತಾಗಬೇಕು? ಮಾವಾರಿಗೆ ಮನೀಗೆ ಹೋಗಿ ಕಾಲ ಬೀಳ್ರಿ. ಇಲ್ಲಿ ಯಾರು ಅನ್ನೂದ ಬ್ಯಾಡ. ಏನ ಮಾಡ್ತಾರ ಅನ್ನೂದ ಹೇಳ್ರಿ."

ಅಂದಿನಿಂದ ಕಮಲಕ್ಕ ಬರೀ "ನಡೆದು ಹೋಗುವವರು, ಬೆನ್ನು ಈ ಕಡೆ" ಆದರು. ಸುಬ್ರಾಯ ಮಾವ "ಸ್ಕೂಟರ್, ಇಂಡಿಕೇಟರ್ ಹಾಕಿಲ್ಲ" ಆದರು. ಆ ಸಂಜೆಯೇ ಮಾವನ ಮನೆಗೆ ಹೋಗಿ ಕಾಲಿಗೆ ಬಿದ್ದು ಬಂದೆ. ಅವರಿಗೆ ಇಂಡಿಕೇಟರಿನ ವಿಷಯವನ್ನೂ ಹೇಳಿದೆ.

ಪರೀಕ್ಷೆಯ ದಿನ ಬಂತು. ಶಾಲೆ ತೆರೆಯಲು ಒಂದೇ ವಾರ. ಅಂದು ಫೇಲಾದರೆ ಮತ್ತೆ ತಾರೀಖು ಹಿಡಿಯಬೇಕು. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ, ನಾನು ಮನೆಯಲ್ಲಿರುತ್ತೇನೆ. ಮೈದಾನದಲ್ಲಿ ಎಂಟರ ಆಕಾರದ ಗೆರೆ. ಅದರೊಳಗೆ ಕಾಲು ಊರದೆ ತಿರುಗಿ ಬರಬೇಕು. ಇನ್ಸ್‌ಪೆಕ್ಟರ್ ಕಾಗದ ಹಿಡಿದು ನಿಂತಿದ್ದರು. ಬೇಲಿಯಾಚೆ ಶಿವಲೀಲಕ್ಕ, ಅವರ ಪಕ್ಕ ನಮ್ಮನೆಯವರು. ನಾನು ಗಾಡಿ ಬಿಟ್ಟೆ, ಬಾಯಿಯನ್ನೂ ಬಿಟ್ಟೆ.

"ಮುಂದೆ ತಿರುವು, ನಿಧಾನ! ಎಡಕ್ಕೆ ಕಲ್ಲು..."

"ನಿಲ್ಸಿ, ನಿಲ್ಸಿ!" ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದರು. "ಹೆಲ್ಮೆಟ್ ಒಳಗೆ ಫೋನ್ ಇಟ್ಕೊಂಡಿದ್ದೀರಾ? ಯಾರ ಹತ್ರ ಮಾತಾಡ್ತಾ ಇದ್ದೀರಿ?"

ಹೆಲ್ಮೆಟ್ ತೆಗೆದು ತೋರಿಸಿದೆ. "ಫೋನ್ ಇಲ್ಲ ಸರ್. ನನ್ನ ಹತ್ರಾನೇ ಮಾತಾಡ್ತಾ ಇದ್ದೆ. ಮಾತಾಡದಿದ್ರೆ ನಂಗೆ ಕಾಣೂದಿಲ್ಲ."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಇನ್ಸ್‌ಪೆಕ್ಟರ್ ಹೆಲ್ಮೆಟ್ಟಿನ ಒಳಗೆಲ್ಲ ನೋಡಿ ವಾಪಸು ಕೊಟ್ಟರು. "ಫೋನಲ್ಲಿ ಮಾತಾಡಬಾರದು ಅಂತ ಇದೆ. ತನ್ನ ಹತ್ರ ತಾನು ಮಾತಾಡಬಾರದು ಅಂತ ನಾನೆಲ್ಲೂ ಓದಿಲ್ಲ. ಹೂಂ, ಹೊಡೀರಿ."

ಮತ್ತೆ ಹೊರಟೆ. ಮೊದಲ ಸುತ್ತು ಸಲೀಸು. ಎರಡನೆಯ ಸುತ್ತಿಗೆ ಹೊರಳುತ್ತ ನನ್ನ ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು: "ಬಲಕ್ಕೆ ಸಾಹೇಬರು, ಬರೀತಾ ಇದ್ದಾರೆ. ಸಾಹೇಬರ ಹಿಂದೆ ಬಿಳಿ ಕಾರು. ಕಾರಿನ ಬಿಳಿ ದೀಪ ಹತ್ತಿತು, ಹಿಂದಕ್ಕೆ ಬಂತು, ಸಾಹೇಬರ ಮೇಲೇ ಬಂತು... ಸರ್!"

ಎರಡೂ ಬ್ರೇಕ್ ಹಿಡಿದು ನಿಂತೆ. ಇನ್ಸ್‌ಪೆಕ್ಟರ್ ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿದರು. ಕಾರು ಅವರು ನಿಂತ ಜಾಗ ದಾಟಿ ನಿಂತಿತು. ಪರೀಕ್ಷೆಗೆಂದು ಬಂದ ಯಾರೋ ಹೊಸಬ, ಕನ್ನಡಿಯೂ ನೋಡದೆ ಹಿಂದಕ್ಕೆ ಬಿಟ್ಟಿದ್ದ. ಎಲ್ಲರೂ ಅತ್ತ ಓಡಿದರು. ನಾನು ಮಾತ್ರ ಕೆಳಗೆ ನೋಡಿಕೊಂಡೆ. ಎಂಟರ ನಟ್ಟನಡುವೆ ನನ್ನ ಎಡಗಾಲು ನೆಲದ ಮೇಲಿತ್ತು. ಹೋಯಿತು, ನೌಕರಿ ಹೋಯಿತು ಎಂದುಕೊಂಡೆ.

ಬೇಲಿಯಾಚೆಯಿಂದ ಶಿವಲೀಲಕ್ಕನ ಖಣಖಣ ದನಿ. ನನ್ನ ಪರ ಮಾತಾಡುತ್ತಾರೆಂದು ಕಿವಿ ನಿಮಿರಿಸಿದರೆ, "ಸಾಹೇಬ್ರ, ಕಾಲ ಊರ್ಯಾರ್ರಿ! ನಮ್ಮ ಬಾಯಾರು ಕಾಲ ಊರ್ಯಾರ. ಫೇಲ್ ಅಂದ್ರ ಫೇಲ್ ಬರೀರಿ!"

"ಎಂತಾ ಹೆಂಗ್ಸು ಇದು!" ನಮ್ಮನೆಯವರು ತಲೆ ಹಿಡಿದುಕೊಂಡರು.

ಇನ್ಸ್‌ಪೆಕ್ಟರ್ ಅಂಗಿ ಕೊಡವಿಕೊಳ್ಳುತ್ತ ಬೇಲಿಯತ್ತ ತಿರುಗಿದರು. "ಅಮ್ಮಾ, ಅಪಾಯ ಕಂಡು ಗಾಡಿ ನಿಲ್ಸಿದ್ದಾರೆ. ನಿಂತ ಗಾಡಿಗೆ ಕಾಲು ಊರದೆ ಬಾಲ ಊರ್ತಾರಾ?" ಆಮೇಲೆ ನನಗೆ, "ಮೇಡಂ, ಮೊದಲಿಂದ ಹೊಡೀರಿ. ಜೋರಾಗಿ ಹೇಳ್ತಾನೇ ಹೊಡೀರಿ."

ಹೊಡೆದೆ. ಎರಡು ಸುತ್ತು, ಗೆರೆ ಮುಟ್ಟಲಿಲ್ಲ, ಕಾಲು ಊರಲಿಲ್ಲ. ಪಾಸು! ಬೇಲಿ ದಾಟಿ ಓಡಿ ಬಂದು ಶಿವಲೀಲಕ್ಕನನ್ನು ಅಪ್ಪಿಕೊಂಡೆ. ಅವರ ಜಾಕೀಟು ಬೆವರಿನಿಂದ ಒದ್ದೆಯಾಗಿತ್ತು. ನನಗಿಂತ ಅವರೇ ಹೆಚ್ಚು ಹೆದರಿದ್ದರು.

"ಮತ್ತೆ ಫೇಲ್ ಮಾಡಿ ಅಂದ್ರಲ್ಲ?"

"ಹೆದರಿದ್ರ ಸುಳ್ಳ ಹೇಳಬೇಕೇನ್ರಿ?"

ಶಾಲೆ ತೆರೆದ ದಿನದಿಂದ ಉಮ್ಮಚಗಿಗೆ ಹೋಗುವ ಯಲ್ಲಾಪುರ ರಸ್ತೆ ನನ್ನದಾಯಿತು. ಒಳದಾರಿಯ ಕಿರಿದಾದ ಏರಿನಲ್ಲಿ ಇಳಿದು ಬರುವ ಟೆಂಪೋದವನು, ಏರುವವರಿಗೆ ಮೊದಲು ದಾರಿ ಎಂಬ ನಿಯಮ ಪಾಲಿಸಿ ಬದಿಗೆ ನಿಂತುಕೊಂಡರೆ ಹಬ್ಬದೂಟದಷ್ಟು ಖುಷಿಯಾಗುತ್ತಿತ್ತು. ಸಂಜೆ ಶಿವಲೀಲಕ್ಕನಿಗೆ ಅದನ್ನೆಲ್ಲ ವರದಿ ಮಾಡಬೇಕಿತ್ತು. ಅವರು ಶಹಭಾಸ್ ಅನ್ನುತ್ತಿದ್ದದ್ದು ನನಗಲ್ಲ, ಆ ಟೆಂಪೋದವನಿಗೆ.

ದೀಪಾವಳಿ ಮುಗಿದ ಮೇಲೆ ಅವರು ಶಿರಸಿ ಬಿಟ್ಟರು. ರಾಣೆಬೆನ್ನೂರಿನಲ್ಲಿ ಅವರ ಮಗಳು ಹೆಂಗಸರಿಗಾಗಿಯೇ ಡ್ರೈವಿಂಗ್ ಸ್ಕೂಲ್ ತೆರೆಯುವವಳಿದ್ದಳು. ಕಲಿಸಲು ಅವ್ವನೇ ಬೇಕೆಂದು ಹಟ ಹಿಡಿದಿದ್ದಳು. "ಅಲ್ಲಿ ರಸ್ತಾ ಅಗಲ ಅದಾವ್ರಿ, ಬಾಯಾರ. ಅಗಲ ರಸ್ತಾದಾಗ ಜನ ಕಣ್ಣ ಮುಚ್ಚಿ ಹೊಡಿತಾರ. ಕೆಲಸ ಭಾಳ ಐತಿ" ಎಂದು ಹೇಳುವಾಗ ಅವರ ಮುಖ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಶಿಷ್ಯೆಯರ ಹಿಂಡು. ಎಲ್ಲರ ಕೈಯಲ್ಲೂ ಹೆಲ್ಮೆಟ್. ಶಿವಲೀಲಕ್ಕ ಕಿಟಕಿ ಪಕ್ಕ ಕೂತು ಆಗಲೇ ಮುಂದಿನ ಸೀಟಿನ ಹುಡುಗನ ಮೊಣಕೈಯನ್ನು ಒಳಗೆ ತಳ್ಳುತ್ತಿದ್ದರು. "ಒಳಗ ತಗೋ ತಮ್ಮಾ. ಅದು ನಿಂದ ಐತಿ, ಬಸ್ಸಿಂದಲ್ಲ." ಬಸ್ಸು ಹೊರಡುವುದು ತಡವಾಗುತ್ತಲೇ ಇತ್ತು. ನಾನು ಗಡಿಯಾರ ನೋಡಿದ್ದನ್ನು ಅವರು ನೋಡಿದರು.

"ಶಾಲಿಗೆ ಹೊತ್ತಾತು, ಹೊಂಡ್ರಿ ನೀವು."

"ನಿಮ್ಮ ಬಸ್ಸು ಹೊರಡಲಿ."

"ಆತು, ನಿಲ್ರಿ. ಆದ್ರ ಹೊತ್ತಾತಂತ ಮುಂದ ದಾರ್ಯಾಗ ಅದನ್ನ ಹಿಡಿಯಾಕ ಹೋಗಬ್ಯಾಡ್ರಿ. ಹೋದ ಹೊತ್ತು ಯಾರ ಕೈಗೂ ಸಿಕ್ಕಿಲ್ಲ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಎಲ್ಲ ಕಿಟಕಿಗಳಿಂದ ಕೈಗಳು ಹೊರಬಂದು ಆಡಿದವು. ಶಿವಲೀಲಕ್ಕ ಮಾತ್ರ ಗಾಜು ಸರಿಸಿ ಮುಚ್ಚಿ, ಅಂಗೈಯನ್ನು ಒಳಗಿನಿಂದಲೇ ಗಾಜಿಗೆ ಒತ್ತಿ ಹಿಡಿದರು. ಬಸ್ಸು ತಿರುವು ದಾಟುವ ತನಕ ಆ ಅಂಗೈ ಬೆಳ್ಳಗೆ ಕಾಣುತ್ತಿತ್ತು.

ನಾನು ಸೆರಗು ಸಿಗಿಸಿ ಗಾಡಿ ಹತ್ತಿದೆ. ಯಲ್ಲಾಪುರ ನಾಕೆ ದಾಟಿದ ಮೇಲೆ ರಸ್ತೆ ಖಾಲಿ, ಕೈ ಎರಡು ಸಲ ಜೋರು ಮಾಡಲು ಹವಣಿಸಿತು. ಬಿಡಲಿಲ್ಲ. ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು.

"ಏನು ಮೇಡಂ, ಇವತ್ತು ತಡ?"

"ನಿಧಾನಕ್ಕೆ ಬಂದೆ ಸರ್."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಮೂರನೇ ತರಗತಿಯ ಮಕ್ಕಳು ಯಾರೂ ಹೇಳದೆಯೇ ಏಳರ ಮಗ್ಗಿ ಶುರುಮಾಡಿಕೊಂಡಿದ್ದವು. ಹೆಲ್ಮೆಟ್ಟನ್ನು ಕಿಟಕಿಯ ಮೇಲಿಟ್ಟು, ಮಕ್ಕಳು ಮುಟ್ಟಿದ್ದ ಸಾಲಿನಿಂದಲೇ ನಾನೂ ದನಿಗೂಡಿಸಿದೆ.