ಕೊಂಬು ಬಿಟ್ಟು ಬೇರೆಲ್ಲ ಹುಡುಕಿದ ಕುರೋ

2021ರ ವಸಂತ. ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿ, ಅಂದರೆ ನಾಯಿಯನ್ನು ಪಳಗಿಸಿ ಅದರ ಜೊತೆಗೇ ಓಡುವವನಾಗಿ ದುಡಿದು ನಿವೃತ್ತನಾಗಿದ್ದೆ. ಮಗಳು ರಶ್ಮಿಯ ಮನೆಗೆಂದು ಜಪಾನಿನ ಸಗಮಿಹಾರಾಕ್ಕೆ ಬಂದವನು ಕೋವಿಡ್ ದೆಸೆಯಿಂದ ಅಲ್ಲೇ ಸಿಕ್ಕಿಬಿದ್ದಿದ್ದೆ. ನಿವೃತ್ತಿಯ ನಂತರದ ನನ್ನ ಏಕೈಕ ಕೇಸು ಸಿಕ್ಕಿದ್ದು ಅಲ್ಲಿ.

ಪಕ್ಕದ ಮನೆಯ ಮೊರಿತಾ ಸಾನ್ ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದರು. ಸಾನ್ ಅಂದರೆ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ನಮ್ಮ 'ಅವರು' ಇದ್ದ ಹಾಗೆ. ಜೊತೆಗಿದ್ದವನು ಕುರೋ, ಬೇಟೆ ತಳಿಯ ಕಪ್ಪು ನಾಯಿ. ಬೀದಿಯವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದರೆ ಇವನದು ದಿನವಿಡೀ ಬೊಗಳಾಟ. ದೂರುಗಳು ಬಂದವು.

"ಮೊರಿತಾ ಸಾನ್ ಕುರೋನನ್ನ ತಮ್ಮನ ಊರಿಗೆ ಕಳಿಸಿಬಿಡ್ತಾರಂತೆ ಅಪ್ಪಾ. ಹೇಳ್ತಾ ಹೇಳ್ತಾ ಅತ್ತೇಬಿಟ್ರು. ಏನಾದ್ರೂ ಮಾಡಿ, ಪ್ಲೀಸ್," ಎಂದಳು ರಶ್ಮಿ.

ನಾಯಿಗೆ ರೋಗವೇನೂ ಇರಲಿಲ್ಲ, ಕೆಲಸವಿರಲಿಲ್ಲ ಅಷ್ಟೆ. ನಿವೃತ್ತನಿಗೆ ಇದು ಬೇಗ ಅರ್ಥವಾಗುತ್ತದೆ. ಮೊರಿತಾ ಸಾನ್‌ಗೆ ಊರಾಚೆ ಸ್ವಂತದ್ದೊಂದು ಕಾಡುಗುಡ್ಡವಿತ್ತು. ಅಲ್ಲಿನ ಗಂಡು ಜಿಂಕೆಗಳು ವಸಂತದಲ್ಲಿ ಕೊಂಬು ಉದುರಿಸುತ್ತವೆ, ಆಮೇಲೆ ಹೊಸದು ಬೆಳೆಯುತ್ತದೆ. ಉದುರಿದ್ದನ್ನು ಹುಡುಕಲು ಕುರೋನಿಗೆ ಕಲಿಸೋಣ ಎಂದೆ. ಅಭ್ಯಾಸಕ್ಕೆ ಹಳೆಯ ಕೊಂಬು ಅವರ ಮನೆಯಲ್ಲೇ ಇತ್ತು.

ಮೊದಲ ಪಾಠ ಇಂಪ್ರಿಂಟಿಂಗ್: ಈ ವಾಸನೆ ಹಿಡಿದರೆ ತಿಂಡಿ ಸಿಗುತ್ತದೆ ಎಂದು ನಾಯಿಯ ತಲೆಗೆ ಹತ್ತಿಸುವುದು. ಮೊರಿತಾ ಸಾನ್ ದಿನವೂ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೊಡುತ್ತಿದ್ದರು. ನಾನು ಬಚ್ಚಿಡುತ್ತಿದ್ದೆ. ಹೂಕುಂಡದ ಹಿಂದೆ, ಬೂಟಿನೊಳಗೆ, ಎಲ್ಲಿಟ್ಟರೂ ಕುರೋ ಅದರ ಮುಂದೆ ಹೋಗಿ ಕೂರುತ್ತಿದ್ದ. "ಭಲೇ ಮಗನೇ!" ಎಂದು ಕನ್ನಡದಲ್ಲೇ ಬೆನ್ನು ತಟ್ಟುತ್ತಿದ್ದೆ. ಬೊಗಳಾಟವೂ ಇಳಿಯಿತು.

ಮಾತು ಅನುವಾದಿಸಲು ರಶ್ಮಿಯನ್ನೂ ಕರೆದುಕೊಂಡು ಗುಡ್ಡಕ್ಕೆ ಹೋದೆವು. ಉದ್ದ ಹಗ್ಗದ ತುದಿಯಲ್ಲಿ ಹೊರಟ ಕುರೋ ಗಕ್ಕನೆ ಕೂತ. ನೋಡಿದರೆ ಯಾರೋ ಬಿಸಾಡಿದ್ದ ಒದ್ದೆ ಟಿಶ್ಯೂ ಪೊಟ್ಟಣ! ಮುಂದೆ ಹೋಗಿ ಕೂತಿದ್ದು ಖಾಲಿ ಸ್ಯಾನಿಟೈಸರ್ ಬಾಟಲಿಯ ಎದುರು. ಮೂರನೇ ಸಲ ಸಾಕ್ಷಾತ್ ಮೊರಿತಾ ಸಾನ್ ಚೀಲದ ಮುಂದೆ. ನಿಜವಾದ ಕೊಂಬೊಂದನ್ನು ದಾಟಿಕೊಂಡೇ ಹೋಗಿದ್ದ. ಅದನ್ನು ನಾನೇ ಎಡವಿದೆ.

ಇದೆಂಥ ಮಾಯೆ ಎಂದು ತಲೆ ಕೆರೆದುಕೊಂಡೆ. "ಕೊಡೋ ಮುಂಚೆ ಕೊಂಬಿಗೆ ಏನು ಮಾಡ್ತಿದ್ರು, ಕೇಳಮ್ಮ," ಎಂದೆ.

ರಶ್ಮಿ ಕೇಳಿ ನಗು ತಡೆದುಕೊಂಡಳು. "ಪ್ರತಿ ಸಲ ನಿಂಬೆಹಣ್ಣಿನ ಸ್ಯಾನಿಟೈಸರ್ ಹಾಕಿ ಒರೆಸಿ ಕೊಡ್ತಿದ್ರಂತೆ. ನೀವು ವಯಸ್ಸಾದವ್ರು, ಹಾಗೇ ಕೊಡೋದು ಮರ್ಯಾದೆ ಅಲ್ಲ ಅಂತ."

ಮಾಸ್ಕ್ ಹಾಕಿದ್ದ ನನ್ನ ಮೂಗಿಗೆ ನಿಂಬೆಯ ಸುಳಿವೇ ಹತ್ತಿರಲಿಲ್ಲ. "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಅವರು ಬಾಗುತ್ತಲೇ ಇದ್ದರು. ನನಗೋ ನಕ್ಕು ನಕ್ಕು ಕಣ್ಣಲ್ಲಿ ನೀರು. ಪಾಪ, ಕುರೋ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದ.

ಎಡವಿದ ಕೊಂಬನ್ನು ಒರೆಸದೆ ಕೈಗವಸಿನಲ್ಲಿ ಹಿಡಿದು ಪಾಠ ಮತ್ತೆ ಶುರುಮಾಡಿದೆವು. ಪಕ್ಕದಲ್ಲಿ ನಿಂಬೆ ವಾಸನೆಯ ಬಟ್ಟೆ ಇಡುತ್ತಿದ್ದೆ. ಅದಕ್ಕೆ ಕೂತರೆ ತಿಂಡಿ ಇಲ್ಲ. ಕೆಲವು ವಾರ ಕಳೆದು ಮತ್ತೆ ಗುಡ್ಡ ಹತ್ತಿದೆವು. ಕುರೋ ದಟ್ಟ ಬಿದಿರುಹುಲ್ಲಿನ ಮುಂದೆ ಕೂತ. ನನಗೇನೂ ಕಾಣಲಿಲ್ಲ.

"ಏಳೋ, ಸುಳ್ಳು ಹೇಳ್ಬೇಡ," ಎಂದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಮೊರಿತಾ ಸಾನ್ ಹುಲ್ಲು ಸರಿಸಿದರು. ಆಗಷ್ಟೇ ಉದುರಿದ ಕೊಂಬು, ಬುಡ ಇನ್ನೂ ಹಸಿ.

ನಾಯಿ ತಪ್ಪಿದಂತೆ ಕಂಡಾಗ ನಾವೇನು ಕಲಿಸಿದೆವೆಂದು ಮೊದಲು ನೋಡಬೇಕು. ಇಷ್ಟು ವರ್ಷ ಇದನ್ನು ಹೊಸಬರಿಗೆಲ್ಲ ಹೇಳುತ್ತಾ ಬಂದವನಿಗೆ ಅದು ಪೂರ್ತಿ ಮನದಟ್ಟಾದದ್ದು ಆ ಗುಡ್ಡದಲ್ಲಿ.

ಮೊರಿತಾ ಸಾನ್ ಅಲ್ಲೇ ನಿಂತು ಫೋನ್ ಮಾಡಿದರು. ಏನಂತೆ ಎಂದು ರಶ್ಮಿಯನ್ನು ಕೇಳಿದೆ.

"ತಮ್ಮನಿಗೆ ಹೇಳ್ತಿದ್ದಾರೆ ಅಪ್ಪಾ. ಕುರೋನ ಕಳಿಸಕ್ಕಾಗಲ್ಲ, ಅವನಿಗೆ ಇಲ್ಲೇ ಕೆಲಸ ಸಿಕ್ಕಿದೆ ಅಂತ."