ಕದಿರಮ್ಮನ ಕಾವಲು

ಶಿಡ್ಲಘಟ್ಟದ ಶಿಶುವಿಹಾರದ ಟೀಚರ್ ಕನಕಲಕ್ಷ್ಮಿಗೆ ಮಕ್ಕಳನ್ನು ಗದರಿ ಅಭ್ಯಾಸವಿರಲಿಲ್ಲ. ಎಂಥ ಹಟಮಾರಿಯನ್ನೂ ಹಾಡಿನಲ್ಲೋ ಕಥೆಯಲ್ಲೋ ಮರಳು ಮಾಡಿ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅಂಥವಳಿಗೂ ಅರವತ್ತೆರಡನೇ ಇಸವಿಯಲ್ಲಿ ನೀರು ಕುಡಿಸಿದವಳು ನಾಲ್ಕು ವರ್ಷದ ಕದಿರಮ್ಮ.

ಈ ಪುಟಾಣಿ ಎಲ್ಲರಿಗಿಂತ ಮೊದಲು ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಒಳಗೆ ಬರುವ ಮಕ್ಕಳನ್ನು ತಳ್ಳುತ್ತಿದ್ದಳು, ಬಗ್ಗದವರನ್ನು ಕಚ್ಚುತ್ತಿದ್ದಳು. ಹಾಡು, ಕಥೆ, ಬೆಲ್ಲದ ಚೂರು, ಯಾವುದರ ಆಟವೂ ನಡೆಯಲಿಲ್ಲ. ಯಾಕಮ್ಮ ಹೀಗೆ ಮಾಡುತ್ತೀಯ ಎಂದು ಒಂದು ಮಾತು ಕೇಳಬಹುದಿತ್ತು. ಓದಿದ ಹೆಂಗಸಿಗೆ ಅದೊಂದು ಹೊಳೆಯಲಿಲ್ಲ. ಡಾಕ್ಟರ ಮಗನ ಕೈಯಲ್ಲಿ ರಕ್ತ ಬಂದ ದಿನ ಅವಳ ತಾಳ್ಮೆ ಕೆಟ್ಟಿತು. ಉಯ್ಯಾಲೆಯ ಹಗ್ಗ ತಂದು ಹುಡುಗಿಯ ಎರಡೂ ಕೈ ಸೇರಿಸಿ ಕಂಬಕ್ಕೆ ಕಟ್ಟಿದಳು. ಮಾರನೆಯ ದಿನವೂ ಕಟ್ಟಿದಳು, ಅದರ ಮಾರನೆಯ ದಿನವೂ.

ವಾರ ಕಳೆಯುವಷ್ಟರಲ್ಲಿ ಕದಿರಮ್ಮ ಬಾಗಿಲ ಹತ್ತಿರ ಸುಳಿಯುವುದನ್ನೇ ಬಿಟ್ಟು ಮೂಲೆ ಹಿಡಿದಳು. ಭಲೇ, ದಾರಿಗೆ ತಂದಿರಿ ಎಂದು ಎಲ್ಲರೂ ಹೊಗಳಿದರು. ಕನಕಲಕ್ಷ್ಮಿಯೂ ಉಬ್ಬಿಹೋದಳು.

ಆಮೇಲೆ ಹುಡುಗಿ ಬರುವುದೇ ನಿಂತಿತು. ಹುಡುಕಿಕೊಂಡು ಮನೆಗೆ ಹೋದರೆ ಕದಿರಮ್ಮ ಜಗಲಿಯಲ್ಲಿ ಏಟು ತಿಂದು ಕೆನ್ನೆ ಊದಿಸಿಕೊಂಡು ಕೂತಿದ್ದಳು. ತಾಯಿ ಗಂಗುಲಮ್ಮ ಒಂದೇ ಉಸಿರಿಗೆ ಗೋಳು ಹೇಳಿಕೊಂಡಳು. ಅವರದು ರೇಷ್ಮೆಹುಳ ಸಾಕುವ ಮನೆ. ಕಾಲು ತೊಳೆಯದೆ ಯಾರೂ ಹುಳದ ಕೋಣೆಗೆ ಹೋಗಕೂಡದು, ಹೋದರೆ ಹುಳಕ್ಕೆ ರೋಗ ತಗಲುತ್ತದೆ. ದೊಡ್ಡವರೆಲ್ಲ ಸೊಪ್ಪು ತರಲು ಹೋದಾಗ ಬಾಗಿಲು ಕಾಯುವ ಕೆಲಸ ಕದಿರಮ್ಮನದು. ಸ್ವಂತ ತಾತನನ್ನೂ ಬಿಡದೆ ಕಾಲು ತೊಳೆಸುತ್ತಿದ್ದ ಮಗು ಈ ಸಲ ಬಾಗಿಲು ಬಿಟ್ಟು ಮೂಲೆಯಲ್ಲಿ ಕೂತಿತಂತೆ. ಬೀದಿಯವರೆಲ್ಲ ಒಳಗೆ ಓಡಾಡಿದರು, ಹುಳವೆಲ್ಲ ಸತ್ತು ಇಡೀ ಬೆಳೆ ಗುಂಡಿ ಸೇರಿತು.

ಶಿಶುವಿಹಾರದ ಬಾಗಿಲಲ್ಲೂ ಮಗು ಕಾದದ್ದು ಇದೇ ಕಾವಲು ಎಂದು ಕನಕಲಕ್ಷ್ಮಿಗೆ ಈಗ ಹೊಳೆಯಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕೆನ್ನೆ ನೋಡಿ ಸುಮ್ಮನಿರಲು ಆಗಲಿಲ್ಲ. ಇನ್ನಾದರೂ ಮಗುವಿನ ಮೇಲಿನ ಅಪವಾದ ಹೋಗಲಿ ಎಂದುಕೊಂಡಳು.

"ತಪ್ಪು ಮಗೂದಲ್ಲಮ್ಮ, ನಂದು. ಬಾಗಿಲಲ್ಲಿ ನಿಂತ್ಕೋತಾಳೆ ಅಂತ ನಾನೇ ಕಂಬಕ್ಕೆ ಕಟ್ಟಿಹಾಕ್ದೆ."

ಗಂಗುಲಮ್ಮ ಬಾಯಿಗೆ ಬಂದಂತೆ ಬೈಯಲಿ ಎಂದು ಕಾದಳು. ಬೈದಿದ್ದರೆ ಎದೆಯ ಭಾರ ಅಷ್ಟಾದರೂ ಇಳಿಯುತ್ತಿತ್ತು. ಗಂಗುಲಮ್ಮನ ಮುಖ ಮಾತ್ರ ಅರಳಿತು.

"ಕಟ್ಟಿಹಾಕಿದ್ರೆ ಮಾತು ಕೇಳ್ತಾಳಾ ಟೀಚರಮ್ಮ? ನಂಗಿದು ತೋಚ್ಲೇ ಇಲ್ಲ ನೋಡಿ."

ಮುಂದಿನ ಬೆಳೆಗೆ ಇವಳನ್ನು ಬಾಗಿಲಿಗೇ ಕಟ್ಟಿ ಕೂರಿಸುತ್ತೇನೆ, ಆಗ ಎಲ್ಲಿಗೆ ಹೋಗುತ್ತಾಳೆ ಎನ್ನುತ್ತ ಗಂಗುಲಮ್ಮ ಗೂಟದಲ್ಲಿದ್ದ ಕರುವಿನ ಹಗ್ಗ ತಂದಳು. ಗಂಟು ಹೇಗೆ ಹಾಕುವುದೆಂದು ತೋರಿಸಿ ಎಂದಳು. ಕನಕಲಕ್ಷ್ಮಿ ಅದನ್ನು ಕಿತ್ತುಕೊಂಡಳು, ಆಚೆ ಎಸೆಯಬೇಕೆಂದು.

ಹಗ್ಗ ಟೀಚರ ಕೈಗೆ ಬಂದದ್ದು ಕಂಡು ಕದಿರಮ್ಮ ಜಗಲಿಯಿಂದ ಇಳಿದು ಬಂದಳು. ಕನಕಲಕ್ಷ್ಮಿಯ ಮುಂದೆ ನಿಂತು, ಎರಡೂ ಕೈ ಸೇರಿಸಿ ಚಾಚಿದಳು.